ಚರ್ಮದ ಮೇಲಣ ಮಿತ್ರರು

ಕ್ರಿಮಿ ಎಂದರೆ ಶತ್ರು. ಅದನ್ನು ನಾಶಮಾಡುವುದೇ ಆರೋಗ್ಯದ ಗುಟ್ಟು. ಶಾಲೆಗಳು ಹಲವು ತಲೆಮಾರುಗಳಿಂದ ಹೇಳಿಕೊಡುತ್ತ ಬಂದಿರುವ ಪಾಠವಿದು. ಇದರಿಂದ ಸಮಾಜಕ್ಕಾದ ಉಪಕಾರ ಅಲ್ಪವಲ್ಲ. ಕುದಿಸಿ ಆರಿಸಿದ ನೀರು, ಊಟಕ್ಕೆ ಮುಂಚೆ ಕೈ ತೊಳೆಯುವ ಅಭ್ಯಾಸ, ಗಂಟಲುಮಾರಿ ಧನುರ್ವಾಯುಗಳಿಗೆ ಲಸಿಕೆ, ಹೆರಿಗೆಮನೆಯ ನೈರ್ಮಲ್ಯ ಇವೆಲ್ಲವೂ ಆ ಪಾಠದ ಫಲಗಳೇ. ಆದರೆ ಪಾಠವು ಅಲ್ಲಿಗೇ ನಿಂತುಬಿಟ್ಟರೆ ಅದು ಅರ್ಧಸತ್ಯವಾಗುತ್ತದೆ. ಮಾನವನ ಚರ್ಮದ ಮೇಲೆ ಹುಟ್ಟಿನಿಂದ ಸಾವಿನವರೆಗೆ ವಾಸಿಸುವ ಅಸಂಖ್ಯ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಶತ್ರುಗಳಲ್ಲ. ಅನೇಕವು ಕಾವಲುಗಾರರೂ ಹೌದು ಎಂಬುದನ್ನು ಈ ಶತಮಾನದ ಸಂಶೋಧನೆಗಳು ತೋರಿಸಿಕೊಟ್ಟಿವೆ. ಆ ಕಾವಲುಗಾರರನ್ನು ಉಳಿಸಿ ಬೆಳೆಸುವ ಮೂಲಕವೇ ಚರ್ಮರೋಗವನ್ನು ಗುಣಪಡಿಸಬಹುದೇ ಎಂಬ ಪ್ರಶ್ನೆ ಇಂದು ವೈದ್ಯವಿಜ್ಞಾನದ ಮುಂದಿದೆ.

ಇದು ದೂರದ ಪ್ರಯೋಗಶಾಲೆಗಳಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ಭಾವಿಸಬೇಕಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮಜೀವನವೆಲ್ಲ ನೀರು, ಮಣ್ಣು, ಬಿಸಿಲುಗಳೊಡನೆ ಬೆಸೆದುಕೊಂಡಿದೆ. ಹೇಮಾವತಿಯ ನಾಲೆಗಳ ಕೆಳಗೆ ಕೆಸರಿನಲ್ಲಿ ನಿಂತು ನಾಟಿ ಮಾಡುವವರ ಕಾಲ್ಬೆರಳ ಸಂದುಗಳು ಹುಣ್ಣಾಗುವುದು, ಬೆವರಿನಿಂದ ತೊಯ್ದ ಬಟ್ಟೆಯಲ್ಲೇ ದಿನವೆಲ್ಲ ದುಡಿಯುವವರ ತೊಡೆಯ ಸಂದಿನಲ್ಲಿ ಹುಳುಕಡ್ಡಿ ಹಬ್ಬುವುದು ಅಪೂರ್ವವಾದ ಸಂಗತಿಗಳಲ್ಲ. ಆ ಮನೆಗಳ ಮಕ್ಕಳೇ ವಿದ್ಯಾರ್ಥಿನಿಲಯಗಳಿಗೆ ಬಂದು ಒಂದೇ ಸೂರಿನ ಕೆಳಗೆ ಹಾಸಿಗೆ ಹೊದಿಕೆಗಳನ್ನು ಹಂಚಿಕೊಂಡು ಬೆಳೆಯುತ್ತಾರೆ. ಕಜ್ಜಿ, ಹುಳುಕಡ್ಡಿ, ಇಸಬು, ತಲೆಹೊಟ್ಟು, ಮೊಡವೆ ಇವುಗಳ ಪರಿಚಯವಿಲ್ಲದ ನಿಲಯಪಾಲಕರು ವಿರಳ. ಆದುದರಿಂದ ಚರ್ಮದ ಬಗೆಗಿನ ಹೊಸ ತಿಳಿವಳಿಕೆ ಮೊದಲು ಪ್ರಯೋಜನಕ್ಕೆ ಬರಬೇಕಾದ ಸ್ಥಳಗಳಲ್ಲಿ ಶಾಲೆಯೂ ಒಂದು.

ಚರ್ಮವೆಂಬ ನಾಡು

ಪ್ರಾಯದ ಮನುಷ್ಯನ ಚರ್ಮದ ವಿಸ್ತೀರ್ಣ ಒಂದೂವರೆಯಿಂದ ಎರಡು ಚದರ ಮೀಟರ್. ಅದರ ಮೇಲಿನ ಬ್ಯಾಕ್ಟೀರಿಯಗಳು ಕೆಲವೆಡೆ ಚದರ ಸೆಂಟಿಮೀಟರಿಗೆ 10 ಲಕ್ಷದಷ್ಟಿರುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಲಿಜಬೆತ್ ಗ್ರೈಸ್, ಜೂಲಿಯಾ ಸೆಗ್ರೆ ಮತ್ತವರ ಸಂಗಡಿಗರು ಆರೋಗ್ಯವಂತರಾದ 10 ಮಂದಿಯ ದೇಹದ 20 ಭಾಗಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕ್ಷೇತ್ರದಲ್ಲಿ ಒಂದು ಮೈಲಿಗಲ್ಲು. ಜಿಡ್ಡಿನ ಜಾಗ, ತೇವದ ಜಾಗ, ಒಣಜಾಗ ಇವುಗಳಲ್ಲಿ ಒಂದೊಂದಕ್ಕೂ ಅದರದೇ ಆದ ನಿವಾಸಿಗಳಿರುವುದು ಅದರಿಂದ ತಿಳಿದುಬಂದಿತು. ಹಾಸನ ಜಿಲ್ಲೆಯೊಂದರಲ್ಲೇ ಸಕಲೇಶಪುರದ ಮಳೆಗಾಡೂ ಚನ್ನರಾಯಪಟ್ಟಣದ ಬಯಲೂ ಇರುವಂತೆ, ಒಂದೇ ದೇಹದಲ್ಲಿ ಕಂಕುಳಿನ ತೇವವೂ ಮುಂಗೈಯ ಒಣನೆಲವೂ ಇವೆ. ಎರಡು ಕಡೆ ಬೆಳೆಯುವ ಬೆಳೆ ಒಂದೇ ಆಗಿರಲಾರದು.

ಈ ನಿವಾಸಿಗಳು ಬಿಟ್ಟಿಯಾಗಿ ಕುಳಿತು ಉಣ್ಣುವವರಲ್ಲ. ಕೆಲವು ಚರ್ಮದ ಜಿಡ್ಡನ್ನು ಒಡೆದು ಆಮ್ಲಗಳನ್ನು ಬಿಡುಗಡೆ ಮಾಡಿ, ಚರ್ಮದ ಮೇಲ್ಮೈ ಸ್ವಲ್ಪ ಹುಳಿಯಾಗಿಯೇ ಉಳಿಯಲು ನೆರವಾಗುತ್ತವೆ. ಆ ಹುಳಿ ಅನೇಕ ರೋಗಕಾರಕಗಳಿಗೆ ಒಗ್ಗದು. ಮತ್ತೆ ಕೆಲವು, ಹೊರಗಿನಿಂದ ಬಂದ ಅಪಾಯಕಾರಿ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಪದಾರ್ಥಗಳನ್ನು ತಾವೇ ತಯಾರಿಸುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಅವು ಸ್ಥಳವನ್ನು ಆಕ್ರಮಿಸಿಕೊಂಡಿರುವುದರಿಂದ ಪರಕೀಯರಿಗೆ ನೆಲೆ ಸಿಗುವುದಿಲ್ಲ. ಬೆಳೆ ತೆಗೆದು ಬರಿದಾಗಿ ಬಿಟ್ಟ ಹೊಲದಲ್ಲಿ ಮೊದಲು ತಲೆಯೆತ್ತುವುದು ಪಾರ್ಥೇನಿಯಂ ಕಳೆಯೆಂಬುದನ್ನು ಬಲ್ಲ ರೈತನಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಸಬಿನ ರೋಗವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಸಬು ಉಲ್ಬಣಿಸಿದಾಗ ಚರ್ಮದ ಮೇಲಿನ ಜೀವಿವೈವಿಧ್ಯ ಕುಗ್ಗಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಒಂದೇ ಬ್ಯಾಕ್ಟೀರಿಯ ವಿಪರೀತವಾಗಿ ಹೆಚ್ಚುತ್ತದೆ. ರೋಗ ಶಮನವಾದಂತೆ ವೈವಿಧ್ಯ ಮರಳಿಬರುತ್ತದೆ. ಹೈಡಿ ಕಾಂಗ್ ಮತ್ತು ಸಂಗಡಿಗರು ಮಕ್ಕಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇದು. ಮೊಡವೆಯ ಕಥೆ ಇನ್ನೂ ಸೂಕ್ಷ್ಮವಾದುದು. ಮೊಡವೆಗೆ ಕಾರಣವೆಂದು ದೂಷಿತವಾದ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯ ನಿರ್ಮಲವಾದ ಮುಖಗಳ ಮೇಲೂ ಹೇರಳವಾಗಿದೆ. ವ್ಯತ್ಯಾಸವಿರುವುದು ಅದರ ಒಳತಳಿಗಳಲ್ಲಿ. ಅಂದಮೇಲೆ ಇಡೀ ಕುಲವನ್ನೇ ನಿರ್ಮೂಲಮಾಡಲು ಹೊರಡುವುದು ಒಬ್ಬನ ತಪ್ಪಿಗೆ ಊರನ್ನೇ ಸುಟ್ಟಂತೆ.

ಪ್ರಯೋಗಗಳು ತಲುಪಿರುವ ದೂರ

ತೆಂಗಿನ ಸೀಮೆಯ ಜನರಿಗೆ ಈ ಚಿಕಿತ್ಸೆಯ ತತ್ತ್ವ ಹೊಸದಲ್ಲ. ತೆಂಗಿನ ಗರಿಯನ್ನು ತಿನ್ನುವ ಕಪ್ಪುತಲೆ ಹುಳುವಿನ ಹಾವಳಿ ಹೆಚ್ಚಿದಾಗ ವಿಷ ಸಿಂಪಡಿಸುವುದೊಂದೇ ದಾರಿಯಲ್ಲ. ಆ ಹುಳುವಿನ ಮೇಲೆ ಬದುಕುವ ಗೋನಿಯೋಜಸ್ ಎಂಬ ಪುಟ್ಟ ಪರೋಪಜೀವಿ ಕೀಟಗಳನ್ನು ಬೆಳೆಸಿ ತೋಟಕ್ಕೆ ಬಿಡುವ ಕ್ರಮ ಕರ್ನಾಟಕದಲ್ಲಿ ಬಹಳ ಕಾಲದಿಂದ ರೂಢಿಯಲ್ಲಿದೆ. ಹಾಲನ್ನು ಹಾಗೆಯೇ ಇಟ್ಟರೆ ಕೆಡುತ್ತದೆ. ಒಳ್ಳೆಯ ಹೆಪ್ಪು ಹಾಕಿದರೆ ಮೊಸರಾಗುತ್ತದೆ ಎಂಬುದನ್ನು ಗೃಹಿಣಿಯರು ನಿತ್ಯವೂ ಕಾಣುತ್ತಾರೆ. ಕೆಟ್ಟುದನ್ನು ಓಡಿಸಲು ಒಳ್ಳೆಯದನ್ನು ನೆಲೆಗೊಳಿಸುವ ಇದೇ ತತ್ತ್ವವನ್ನು ವಿಜ್ಞಾನಿಗಳು ಚರ್ಮಕ್ಕೆ ಅನ್ವಯಿಸಲು ಹೊರಟಿದ್ದಾರೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೊ ಕೇಂದ್ರದ ರಿಚರ್ಡ್ ಗ್ಯಾಲೊ ಅವರ ತಂಡ 2017ರಲ್ಲಿ ಪ್ರಕಟಿಸಿದ ಸಂಶೋಧನೆ ಈ ದಿಕ್ಕಿನಲ್ಲಿ ಗಮನಾರ್ಹವಾದುದು. ಆರೋಗ್ಯವಂತರ ಚರ್ಮದ ಮೇಲಿರುವ ಕೆಲವು ಸಾಧು ಸ್ಟ್ಯಾಫಿಲೊಕಾಕಸ್ ತಳಿಗಳು ಆರಿಯಸ್ಸನ್ನು ಕೊಲ್ಲುವ ಪದಾರ್ಥಗಳನ್ನು ಸ್ರವಿಸುತ್ತವೆ. ಇಸಬಿನ ರೋಗಿಗಳಲ್ಲಿ ಅಂತಹ ತಳಿಗಳು ವಿರಳ. ರೋಗಿಯ ಚರ್ಮದಿಂದಲೇ ಆ ಸಾಧು ತಳಿಯನ್ನು ಆರಿಸಿ, ಬೆಳೆಸಿ, ಲೇಪನದಲ್ಲಿ ಬೆರೆಸಿ ಮತ್ತೆ ಅವನ ತೋಳಿಗೇ ಹಚ್ಚಿದಾಗ ಆರಿಯಸ್ಸಿನ ಸಂಖ್ಯೆ ಕುಸಿಯಿತು. ಅದೇ ತಂಡ ಸ್ಟ್ಯಾಫಿಲೊಕಾಕಸ್ ಹೋಮಿನಿಸ್ ಎಂಬ ಬ್ಯಾಕ್ಟೀರಿಯದ ಒಂದು ತಳಿಯನ್ನು 54 ಮಂದಿ ಪ್ರಾಯದವರಲ್ಲಿ ಒಂದು ವಾರ ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಲೇಪನ ಸುರಕ್ಷಿತವೆಂದು ಕಂಡಿತು, ಆರಿಯಸ್ ಕಡಿಮೆಯಾಯಿತು. ಆದರೆ ಎಲ್ಲ ರೋಗಿಗಳನ್ನೂ ಒಟ್ಟಾಗಿ ಪರಿಗಣಿಸಿದಾಗ ರೋಗದ ತೀವ್ರತೆಯಲ್ಲಿ ನಿಸ್ಸಂದೇಹವಾದ ಇಳಿಕೆ ಕಾಣಲಿಲ್ಲ.

ಮತ್ತೊಂದು ಉದಾಹರಣೆ ಇನ್ನೂ ಹೆಚ್ಚು ವಿವೇಕವನ್ನು ಕಲಿಸುತ್ತದೆ. ರೋಸಿಯೊಮೊನಾಸ್ ಮ್ಯೂಕೋಸ ಎಂಬ ಬ್ಯಾಕ್ಟೀರಿಯವನ್ನು ಅಮೆರಿಕದಲ್ಲಿ 10 ಮಂದಿ ಪ್ರಾಯದವರ ಮತ್ತು 5 ಮಂದಿ ಮಕ್ಕಳ ಚರ್ಮದ ಮೇಲೆ ಪ್ರಯೋಗಿಸಿದಾಗ ಬಂದ ಗುಣ 2018ರಲ್ಲಿ ಬಹಳ ಆಸೆ ಹುಟ್ಟಿಸಿತು. ಆದರೆ ಅದನ್ನೇ ಆಧರಿಸಿದ ಔಷಧವನ್ನು ಹೆಚ್ಚಿನ ರೋಗಿಗಳಲ್ಲಿ, ಬರಿಯ ಲೇಪನದೊಡನೆ ತೂಗಿ ನೋಡಿದಾಗ ಅದು ಮೇಲೆನಿಸಲಿಲ್ಲ. 2021ರಲ್ಲಿ ಆ ಪ್ರಯತ್ನ ವಿಫಲವೆಂದು ಘೋಷಿತವಾಯಿತು. ಸಣ್ಣ ಪ್ರಯೋಗದ ಸಂತೋಷ ದೊಡ್ಡ ಪ್ರಯೋಗದಲ್ಲಿ ಉಳಿಯುವುದೆಂಬ ಭರವಸೆಯಿಲ್ಲ. ಆದುದರಿಂದ ‘ಜೀವಂತ ಬ್ಯಾಕ್ಟೀರಿಯದ ಮುಲಾಮು’ ಎಂದು ಅಂಗಡಿಯಲ್ಲಿ ಮಾರುವ ಡಬ್ಬಿಯನ್ನು ಕಂಡು ಮರುಳಾಗುವುದು ಸಲ್ಲದು. ತತ್ತ್ವ ಸರಿಯಾಗಿದೆ, ನೆಚ್ಚಬಹುದಾದ ಔಷಧ ಇನ್ನೂ ಸಿದ್ಧವಾಗಿಲ್ಲ.

ತೆಂಗಿನೆಣ್ಣೆಯ ಸಾಕ್ಷ್ಯ

ಹೊಸ ಬ್ಯಾಕ್ಟೀರಿಯಗಳನ್ನು ಹೊರಗಿನಿಂದ ತಂದು ಹಚ್ಚುವುದು ಒಂದು ಮಾರ್ಗವಾದರೆ, ಇರುವ ಮಿತ್ರರಿಗೆ ಅನುಕೂಲವಾದ ನೆಲವನ್ನು ಒದಗಿಸುವುದು ಇನ್ನೊಂದು ಮಾರ್ಗ. ಇಲ್ಲಿ ಚನ್ನರಾಯಪಟ್ಟಣದ ತೋಟಗಳ ಫಲವೇ ವಿಜ್ಞಾನದ ಚರ್ಚೆಗೆ ಬಂದಿರುವುದು ಕುತೂಹಲಕರ. ತೆಂಗಿನೆಣ್ಣೆಯ ಮೇದಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಅದಕ್ಕೆ ಆರಿಯಸ್ಸಿನಂತಹ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವಿದೆ. ಫಿಲಿಪೀನ್ಸಿನ ವೈದ್ಯೆ ವೆರಾಲ್ಲೊ-ರೋವೆಲ್ ಮತ್ತು ಸಂಗಡಿಗರು ಇಸಬಿನಿಂದ ನರಳುತ್ತಿದ್ದ 52 ಮಂದಿಯಲ್ಲಿ ಅರ್ಧ ಜನರಿಗೆ ತೆಂಗಿನೆಣ್ಣೆಯನ್ನೂ ಉಳಿದರ್ಧ ಜನರಿಗೆ ಆಲಿವ್ ಎಣ್ಣೆಯನ್ನೂ ನಾಲ್ಕು ವಾರ ಹಚ್ಚಿಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತೆಂಗಿನೆಣ್ಣೆಯ ಗುಂಪಿನಲ್ಲಿ ಮೊದಲು 20 ಮಂದಿಯ ಚರ್ಮದಲ್ಲಿದ್ದ ಆರಿಯಸ್ ಕೊನೆಗೆ ಒಬ್ಬರಲ್ಲಿ ಮಾತ್ರ ಉಳಿಯಿತು. ಆಲಿವ್ ಗುಂಪಿನಲ್ಲಿ 12 ಮಂದಿಯ ಪೈಕಿ ಆರು ಮಂದಿಯಲ್ಲಿ ಉಳಿಯಿತು.

ಭಾರತದಲ್ಲಿಯೂ ಇಂತಹ ಕೆಲಸ ನಡೆದಿದೆ. ಭೋಪಾಲದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಪಾಲ್ಗೊಂಡ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 140 ಮಂದಿ ಭಾರತೀಯ ಮಹಿಳೆಯರ ನೆತ್ತಿಯನ್ನು ಹಲವು ವಾರಗಳ ಕಾಲ ಪರಿಶೀಲಿಸಿತು. ಅವರಲ್ಲಿ ಅರ್ಧ ಜನರಿಗೆ ತಲೆಹೊಟ್ಟು ಇದ್ದಿತು. ತೆಂಗಿನೆಣ್ಣೆಯ ಬಳಕೆಯಿಂದ ನೆತ್ತಿಯ ಆರೋಗ್ಯಕ್ಕೆ ಅನುಕೂಲವಾದ ಸೂಕ್ಷ್ಮಜೀವಿಗಳು ವೃದ್ಧಿಯಾದುದನ್ನು ಅದು ದಾಖಲಿಸಿತು. ಮುಖದ ಮೇಲೆ ಅಪವಾದ ಹೊತ್ತ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ನೆತ್ತಿಯ ಮೇಲೆ ಈ ಮಿತ್ರರ ಸಾಲಿನಲ್ಲಿ ನಿಂತಿತೆಂಬುದು ವಿಶೇಷ. ಈ ಅಧ್ಯಯನದಲ್ಲಿ ಕೇಶತೈಲ ತಯಾರಿಸುವ ಉದ್ಯಮದ ಸಂಶೋಧಕರೂ ಭಾಗಿಗಳಾಗಿದ್ದರೆಂಬುದನ್ನು ಮರೆಯಬಾರದು. ಅದರಿಂದ ಸಾಕ್ಷ್ಯ ಸುಳ್ಳಾಗುವುದಿಲ್ಲ. ಸ್ವತಂತ್ರರಾದವರು ಮತ್ತೊಮ್ಮೆ ಪರೀಕ್ಷಿಸಬೇಕಾದ ಅಗತ್ಯ ಹೆಚ್ಚುತ್ತದೆ.

ಇದನ್ನು ಓದಿ, ಹಿಂದಿನವರಿಗೆ ಬ್ಯಾಕ್ಟೀರಿಯಗಳೆಲ್ಲ ತಿಳಿದಿದ್ದವು ಎಂದು ಬೀಗುವುದು ಉಚಿತವಲ್ಲ. ಅಭ್ಯಂಜನದ ಪದ್ಧತಿ ಅನುಭವದಿಂದ ಬಂದುದು. ಅದರ ಕಾರಣಗಳನ್ನು ಬಿಡಿಸಿ ತೋರಿಸಿದ್ದು ಪ್ರಯೋಗ. ಅನುಭವದಿಂದ ಬಂದುದೆಲ್ಲವೂ ಒಳ್ಳೆಯದಲ್ಲ ಎಂಬುದಕ್ಕೆ ಗಾಯಕ್ಕೆ ಸಗಣಿ ಮೆತ್ತಿ ಧನುರ್ವಾಯುವನ್ನು ಬರಮಾಡಿಕೊಂಡ ನಿದರ್ಶನಗಳೇ ಸಾಕು. ತೆಂಗಿನೆಣ್ಣೆಯೂ ಸರ್ವರೋಗನಿವಾರಕವಲ್ಲ. ಮೊಡವೆಯ ಮುಖಕ್ಕೆ ಅದು ಒಗ್ಗದಿರಬಹುದು. ಹುಳುಕಡ್ಡಿಗೆ ಅದು ಔಷಧವಲ್ಲ. ಒಣಗಿ ಬಿರಿದ, ತುರಿಸುವ ಚರ್ಮಕ್ಕೆ ಸ್ನಾನವಾದೊಡನೆ ತೆಳುವಾಗಿ ಹಚ್ಚುವ ಶುದ್ಧವಾದ ಎಣ್ಣೆ ರಕ್ಷಣೆ ಕೊಡುತ್ತದೆ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ನಿಜವಾದ ಅಪಾಯ ಎಲ್ಲಿದೆ

ಮಿತ್ರಜೀವಿಗಳನ್ನು ಬೆಳೆಸುವ ಔಷಧ ಬರುವುದು ತಡವಾದರೆ ದೊಡ್ಡ ನಷ್ಟವಿಲ್ಲ. ಇಂದೇ ಆಗುತ್ತಿರುವ ನಷ್ಟ ಬೇರೆಯದು. ತುರಿಕೆ ಬಂದ ಕೂಡಲೇ ವೈದ್ಯರ ಬಳಿಗೆ ಹೋಗದೆ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಮುಲಾಮಿನಲ್ಲಿ ಸ್ಟಿರಾಯಿಡ್, ಪ್ರತಿಜೈವಿಕ, ಶಿಲೀಂಧ್ರನಾಶಕ ಮೂರೂ ಬೆರೆತಿರುವುದು ದೇಶದಾದ್ಯಂತ ಸಾಮಾನ್ಯವಾಗಿಬಿಟ್ಟಿದೆ. ಸ್ಟಿರಾಯಿಡ್ ತುರಿಕೆಯನ್ನು ಬೇಗನೆ ಅಡಗಿಸುತ್ತದೆ. ಆದುದರಿಂದ ಜನರಿಗೆ ಅದರ ಮೇಲೆ ಅಪಾರ ನಂಬಿಕೆ. ಆದರೆ ಅದು ದೇಹದ ಪ್ರತಿರೋಧವನ್ನು ಆ ಜಾಗದಲ್ಲಿ ಮಲಗಿಸಿ ಹುಳುಕಡ್ಡಿಯ ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತದೆ. ಚರ್ಮ ತೆಳುವಾಗುತ್ತದೆ, ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರ ತೊಡೆ, ಕಂಕುಳುಗಳಲ್ಲಿ ಬಿರುಕಿನ ಗೆರೆಗಳು ಮೂಡಿ ಜೀವನಪೂರ್ತಿ ಉಳಿಯುತ್ತವೆ. ಪ್ರತಿಜೈವಿಕವು ರೋಗದ ಶಿಲೀಂಧ್ರಕ್ಕೆ ಏನೂ ಮಾಡದೆ ಚರ್ಮದ ನಿರಪರಾಧಿ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಬದುಕುಳಿದವು ಔಷಧಕ್ಕೆ ಬಗ್ಗದವುಗಳಾಗುತ್ತವೆ.

ಈ ದುರ್ಬಳಕೆಯನ್ನು ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟಿರಾಯಿಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಚರ್ಮರೋಗ ತಜ್ಞರ ಅಖಿಲ ಭಾರತ ಸಂಘವೂ ಬಹುಕಾಲ ಇದಕ್ಕಾಗಿ ಹೋರಾಡಿದೆ. ಆದರೆ ಕಾನೂನು ಕಾಗದದಲ್ಲಿದ್ದರೆ ಸಾಲದು. ಚಿಕಿತ್ಸೆಗೆ ಸುಲಭವಾಗಿ ಬಗ್ಗದ ಹುಳುಕಡ್ಡಿ ಭಾರತದಲ್ಲಿ ಈಚಿನ ವರ್ಷಗಳಲ್ಲಿ ಹಬ್ಬಿದೆ. ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ರೋಗವೊಂದರ ಹೆಸರಿನಲ್ಲಿ ದೇಶದ ಹೆಸರು ಸೇರಿಕೊಳ್ಳುವುದು ಹೆಮ್ಮೆಯ ವಿಷಯವೇನೂ ಅಲ್ಲ.

ಕ್ರಿಮಿನಾಶಕ ಸಾಬೂನುಗಳ ಮೋಹವೂ ಇದೇ ಜಾತಿಯದು. ಟ್ರೈಕ್ಲೋಸಾನ್ ಮೊದಲಾದ 19 ಕ್ರಿಮಿನಾಶಕಗಳನ್ನು ಜನಸಾಮಾನ್ಯರ ಕೈತೊಳೆಯುವ ಹಾಗೂ ಮೈತೊಳೆಯುವ ಸಾಬೂನುಗಳಲ್ಲಿ ಬಳಸದಂತೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2016ರಲ್ಲಿ ತಡೆಹಾಕಿತು. ಅವು ಸಾಧಾರಣ ಸಾಬೂನು ಮತ್ತು ನೀರಿಗಿಂತ ಮೇಲೆಂಬುದನ್ನು ತಯಾರಕರು ಸಿದ್ಧಪಡಿಸಿ ತೋರಿಸಲಾಗಲಿಲ್ಲ. ಕೈಯ ಕೊಳೆಯನ್ನು ತೆಗೆಯಲು ಸಾಧಾರಣ ಸಾಬೂನು ಸಾಕು.

ಇದಕ್ಕೆ ಒಂದು ಆಕ್ಷೇಪವೂ ಉಂಟು. ಬ್ಯಾಕ್ಟೀರಿಯಗಳು ಮಿತ್ರರೆಂದು ಮಕ್ಕಳಿಗೆ ಹೇಳಿದರೆ ಅವರು ಶುಚಿತ್ವವನ್ನೇ ಬಿಟ್ಟಾರು ಎಂದು ಹಿರಿಯ ಅಧ್ಯಾಪಕರು ಆತಂಕಪಡಬಹುದು. ಆ ಆತಂಕ ನಿರಾಧಾರವಲ್ಲ. ಕಜ್ಜಿಯನ್ನು ತರುವುದು ಬ್ಯಾಕ್ಟೀರಿಯವಲ್ಲ, ಒಂದು ನುಸಿ. 1998ರ ಸುಮಾರಿಗೆ ತೆಂಗಿನ ತೋಟಗಳಿಗೆ ಬಂದೆರಗಿದ ನುಸಿಪೀಡೆಯ ದೂರದ ಬಂಧು ಅದು. ಆದರೆ ಕಜ್ಜಿಯನ್ನು ಕೆರೆದ ಗಾಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯ ಹೊಕ್ಕು ಕೀವಾದರೆ, ಮುಂದೆ ಮಗುವಿನ ಮೂತ್ರಪಿಂಡಗಳೇ ಉರಿಯೂತಕ್ಕೆ ತುತ್ತಾಗಬಹುದು. ಅಂತಹ ಸಮಯದಲ್ಲಿ ಪ್ರತಿಜೈವಿಕವೇ ಪ್ರಾಣರಕ್ಷಕ. ಅದನ್ನು ಕೊಡಲು ಹಿಂಜರಿಯುವುದು ಅಪರಾಧ. ಹಾಗೆಯೇ ಸ್ಟಿರಾಯಿಡ್ ಕೂಡ ತಜ್ಞರ ಕೈಯಲ್ಲಿ ಇಸಬಿಗೆ ಒಳ್ಳೆಯ ಔಷಧ. ದೋಷವಿರುವುದು ಔಷಧದಲ್ಲಲ್ಲ, ರೋಗವನ್ನು ಗುರುತಿಸದೆ ಔಷಧ ಹಚ್ಚುವ ಆತುರದಲ್ಲಿ. ಸ್ಪರ್ಶಜ್ಞಾನವಿಲ್ಲದ ಬಿಳಿಚಿದ ಮಚ್ಚೆಗೆ ಮುಲಾಮನ್ನು ಹಚ್ಚುತ್ತ ಕಾಲ ಕಳೆದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಂಪೂರ್ಣ ಗುಣವಾಗುವ ಕುಷ್ಠವು ಕೈಕಾಲುಗಳನ್ನು ಊನಗೊಳಿಸಬಹುದು.

ಶಾಲೆ ಮಾಡಬಹುದಾದುದು

ಈ ಎಲ್ಲ ವಿಚಾರಗಳಿಂದ ಹೊರಡುವ ಕರ್ತವ್ಯಗಳು ದುಬಾರಿಯವಲ್ಲ. ವಿದ್ಯಾರ್ಥಿನಿಲಯದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ವೈದ್ಯರ ಚೀಟಿಯಿಲ್ಲದ ಒಂದು ಮುಲಾಮೂ ಇರಕೂಡದು. ಒಬ್ಬ ಬಾಲಕನಿಗೆ ಕಜ್ಜಿಯಾದರೆ, ವೈದ್ಯರ ಸಲಹೆಯಂತೆ ಕೊಠಡಿಯ ಎಲ್ಲರಿಗೂ ಒಂದೇ ದಿನ ಚಿಕಿತ್ಸೆ ನಡೆಯಬೇಕು. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬನಿಗೆ ಮಾತ್ರ ಹಚ್ಚಿ ಸುಮ್ಮನಾದರೆ ನುಸಿ ಕೊಠಡಿಯನ್ನು ಸುತ್ತಿ ಮತ್ತೆ ಅವನಲ್ಲಿಗೇ ಬರುತ್ತದೆ. ಪ್ರತಿಯೊಬ್ಬನಿಗೂ ಬೇರೆ ಟವೆಲು, ಒಣಗಿದ ಒಳಬಟ್ಟೆ, ಸ್ನಾನಕ್ಕೆ ಸಾಕಷ್ಟು ನೀರು ಇವಿಷ್ಟಿದ್ದರೆ ಹುಳುಕಡ್ಡಿಯ ಹಾವಳಿ ಗಣನೀಯವಾಗಿ ತಗ್ಗುವುದು.

ದಾನಿಗಳ ಔದಾರ್ಯಕ್ಕೂ ಇಲ್ಲಿ ಹೊಸ ದಾರಿಗಳಿವೆ. ಪೆಟ್ಟಿಗೆಗಟ್ಟಲೆ ಕ್ರಿಮಿನಾಶಕ ಸಾಬೂನು ಕೊಡುವುದಕ್ಕಿಂತ ಒಂದು ನೀರಿನ ತೊಟ್ಟಿ, ಬಟ್ಟೆ ಒಣಗಿಸಲು ಬಿಸಿಲು ಬೀಳುವ ಅಂಗಳ, ಮಕ್ಕಳಿಗೆ ತಲಾ ಎರಡು ಟವೆಲು, ಗಾಣದ ಶುದ್ಧ ತೆಂಗಿನೆಣ್ಣೆ ಇವುಗಳನ್ನು ಒದಗಿಸುವುದು ಹೆಚ್ಚು ಪುಣ್ಯದ ಕೆಲಸ. ಹಿರಿಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೆರಡು ಬಾರಿ ನಿಲಯಕ್ಕೆ ಬಂದು ಮಕ್ಕಳ ಚರ್ಮವನ್ನು ಪರೀಕ್ಷಿಸಿದರೆ ಅದೇ ಗುರುದಕ್ಷಿಣೆ. ಔಷಧಿ ಅಂಗಡಿಗಳನ್ನು ನಡೆಸುತ್ತಿರುವವರು ಚೀಟಿಯಿಲ್ಲದೆ ಸ್ಟಿರಾಯಿಡ್ ಮಾರದಿರುವ ಸಂಕಲ್ಪ ಮಾಡಿದರೆ, ಅದು ಯಾವ ಧನಸಹಾಯಕ್ಕೂ ಕಡಿಮೆಯದಲ್ಲ.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅದಕ್ಕೂ ಮೊದಲಿನಿಂದ ಆಯುರ್ವೇದ ಕಾಲೇಜೂ ಇದೆ. ಅಲ್ಲಿನ ತಜ್ಞರು ಪೋಷಕರ ಸಮ್ಮತಿ ಪಡೆದು, ನಿಯಮಬದ್ಧವಾಗಿ, ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿನಿಲಯಗಳಲ್ಲಿ ಎಣ್ಣೆ, ಸಾಬೂನು, ಸ್ನಾನದ ಕ್ರಮಗಳನ್ನು ತುಲನೆ ಮಾಡಿ ನೋಡಿದರೆ, ತೆಂಗಿನ ಸೀಮೆಯ ಅನುಭವಕ್ಕೆ ಯಾವ ಉದ್ಯಮದ ಹಂಗೂ ಇಲ್ಲದ ಒಂದು ಉತ್ತರ ದೊರೆತೀತು. ಮನಿಲಾ ಮತ್ತು ಸ್ಯಾನ್ ಡಿಯಾಗೊಗಳಲ್ಲಿ ಸಾಧ್ಯವಾದುದು ಹೇಮಾವತಿಯ ತೀರದಲ್ಲಿ ಅಸಾಧ್ಯವೆಂದು ಭಾವಿಸಲು ಕಾರಣವಿಲ್ಲ.

ಅಧ್ಯಾಪಕರ ಪಾಲಿಗೆ ಉಳಿಯುವುದು ಪಾಠವನ್ನು ಪೂರ್ಣಗೊಳಿಸುವ ಕೆಲಸ. ಕೈ ತೊಳೆಯಿರಿ ಎಂದು ಹೇಳುವ ಬಾಯಲ್ಲೇ, ಸ್ವಂತ ಚರ್ಮದ ಮೇಲೆ ಸಾಧು ಜೀವಿಗಳ ಒಂದು ಸಮಾಜವಿದೆ, ಅದನ್ನು ಅಕಾರಣವಾಗಿ ಕೆಡಿಸಬೇಡಿರಿ ಎಂದೂ ಹೇಳಬೇಕಾಗಿದೆ. ಈ ಪಾಠವನ್ನು ಕಲಿತ ಬಾಲಕ ಬಾಲಕಿಯರು ರಜೆಯಲ್ಲಿ ಊರಿಗೆ ಹೋದಾಗ ಮನೆಯ ಗೂಡಿನಲ್ಲಿರುವ ಹಳೆಯ ಮುಲಾಮಿನ ಕೊಳವೆಯನ್ನು ತೋರಿಸಿ, ಇದನ್ನು ಯಾರು ಬರೆದುಕೊಟ್ಟರು ಎಂದು ಅಪ್ಪ ಅಮ್ಮಂದಿರನ್ನು ಕೇಳುವಂತಾದರೆ ಶಾಲೆಯ ಶ್ರಮ ಸಾರ್ಥಕವಾಗುವುದರಲ್ಲಿ ಸಂದೇಹವಿಲ್ಲ.